ಬಚ್ಚಲಿಗೆ ಕರೆಂಟು ತರುವ ಮುನ್ನ

ಕನ್ನಡ ಪಾಠ ಹೇಳುವವರಿಗೆ ಕರೆಂಟಿನ ಗೊಡವೆ ಯಾಕೆ ಎಂದು ಈ ಲೇಖನದ ತಲೆಬರಹ ಕಂಡ ಕೂಡಲೇ ಕೆಲವರಿಗೆ ಅನಿಸಬಹುದು. ನಮಗೂ ಹಾಗೆಯೇ ಅನಿಸುತ್ತಿತ್ತು. ಕಳೆದ ಮಳೆಗಾಲದ ಒಂದು ರಾತ್ರಿಯ ವರೆಗೆ ಅನಿಸುತ್ತಿತ್ತು.

ಒಂಬತ್ತನೇ ತರಗತಿಯ ಮಕ್ಕಳಿಂದ ನಾವು 'ಮಳೆಗಾಲದ ಒಂದು ಬೆಳಗು' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿಸಿದ್ದೆವು. ಒಂದು ಪುಸ್ತಕದಲ್ಲಿ ಹೀಗೆ ಬರೆದಿತ್ತು: ನಮ್ಮ ಬಚ್ಚಲಿನ ನಳ್ಳಿ ಮುಟ್ಟುವಾಗ ಕೈ ಜುಂ ಅನ್ನುತ್ತದೆ, ಅದಕ್ಕೆ ನಾವು ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುವುದು, ತಂಗಿಗೆ ಅದೊಂದು ತಮಾಷೆ. ನಾವು 'ಜುಂ ಅನ್ನುತ್ತದೆ' ಎಂಬುದನ್ನು ಕೆಂಪು ಶಾಯಿಯಲ್ಲಿ 'ಜುಮ್ಮೆನ್ನುತ್ತದೆ' ಎಂದು ತಿದ್ದಿದೆವು. ಬದಿಯಲ್ಲಿ 'ಸಹಜವಾದ ವರ್ಣನೆ' ಎಂದು ಬರೆದೆವು. ಹತ್ತರಲ್ಲಿ ಏಳು ಅಂಕ ಕೊಟ್ಟು ಮುಂದಿನ ಪುಸ್ತಕ ಎತ್ತಿಕೊಂಡೆವು.

ರಾತ್ರಿ ಊಟಕ್ಕೆ ಕುಳಿತಾಗ ಆ ವಾಕ್ಯ ಮತ್ತೆ ನೆನಪಾಯಿತು. ಈ ಸಲ ಕಾಗುಣಿತ ಕಾಣಿಸಲಿಲ್ಲ, ಅರ್ಥ ಕಾಣಿಸಿತು. ಕೈತೊಳೆದು ಆ ಮನೆಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಗೀಸರಿನ ಸ್ವಿಚ್ಚು ಹಾಕಬೇಡಿ, ಪ್ಲಗ್ಗು ಕಿತ್ತಿಡಿ, ಮೊದಲು ವಯರ್‌ಮನ್‌ನನ್ನು ಕರೆಸಿ ಎಂದು ಹೇಳಿದೆವು. ಮರುದಿನ ಬಂದ ವಯರ್‌ಮನ್ ಬೋರ್ಡು ಬಿಚ್ಚಿ ನೋಡಿದರೆ ಗೀಸರಿಗೆ ಕೊಟ್ಟ ಸಾಕೆಟ್ಟಿನ ಹಸಿರು ತಂತಿ ಗೋಡೆಯಿಂದ ಹೊರಗೆ ಬಂದಿತ್ತು, ಆದರೆ ಸಾಕೆಟ್ಟಿಗೆ ಸೇರಿರಲಿಲ್ಲ. ಅದರ ತುದಿಯನ್ನು ಮಡಚಿ ಟೇಪು ಸುತ್ತಿ ಒಳಗೆ ತುರುಕಿಸಿತ್ತು. ಹಾಗೆ ಮಾಡಿದವರು ಯಾರು, ಯಾವಾಗ ಮಾಡಿದರು ಎಂಬುದು ಮನೆಯವರಿಗೂ ನೆನಪಿಲ್ಲ. ಆ ಕುಟುಂಬದ ಪುಣ್ಯ, ಕೈ ಜುಮ್ಮೆಂದುದಷ್ಟೇ. ಆದರೆ ಪುಣ್ಯವನ್ನು ನಂಬಿ ದಿನಾ ಬೆಳಿಗ್ಗೆ ಮಕ್ಕಳನ್ನು ಸ್ನಾನಕ್ಕೆ ಕಳುಹಿಸಲಾಗುವುದಿಲ್ಲ.

ಇದಾದ ಮೇಲೆ ನಮ್ಮ ಮನೆಯ ಬಚ್ಚಲನ್ನೂ ಒಮ್ಮೆ ನೋಡಿದೆವು. ಪರರಿಗೆ ಬುದ್ಧಿ ಹೇಳುವ ಮೊದಲು ಅದು ಸರಿಯಷ್ಟೇ. ನಮ್ಮಲ್ಲಿ ಅರ್ತ್ ಏನೋ ಇತ್ತು. ಆದರೆ ಬಟ್ಟೆ ಒಗೆಯುವ ಯಂತ್ರಕ್ಕೂ ಗೀಸರಿಗೂ ಒಂದೇ ಪಾಯಿಂಟು, ನಡುವೆ ಒಂದು ಅಡಾಪ್ಟರು. ಸಾಕೆಟ್ಟಿನ ಬಿಳಿ ಮುಖ ಹಳದಿಯಾಗಿ, ಒಂದು ಕಡೆ ಕಂದಾಗಿ ಸುಟ್ಟ ಗುರುತು ಇತ್ತು. ಆ ಗುರುತನ್ನು ನಾವು ಎಷ್ಟೋ ದಿನ ಕಂಡಿದ್ದೆವು. ಬಟ್ಟೆಯಿಂದ ಒರಸಿಯೂ ಇದ್ದೆವು!

ಆದುದರಿಂದ ಈ ಬರಹ ಬಲ್ಲವರ ಉಪದೇಶವಲ್ಲ. ತಪ್ಪಿದವರ ಮಾತು. ನಾವು ಹೇಳಬೇಕೆಂದಿರುವುದು ಇಷ್ಟೇ: ಬಿಸಿನೀರಿಗೆ ಕರೆಂಟು ತರುವಾಗ ಮೊದಲು ಆರಿಸಬೇಕಾದುದು ಗೀಸರನ್ನಲ್ಲ, ಅದಕ್ಕೆ ಕೊಡುವ ಸಂಪರ್ಕವನ್ನು. ನಾವೆಲ್ಲ ಇದನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ.

ದೀಪಕ್ಕೆಂದು ಬಂದ ಕರೆಂಟು

ಕಾಸರಗೋಡಿನ ನಮ್ಮ ಹಳ್ಳಿಮನೆಗಳಲ್ಲಿ ಬಿಸಿನೀರೆಂದರೆ ಬಚ್ಚಲಿನ ಹಂಡೆ. ಅದರ ಕೆಳಗೆ ಒಲೆ, ಒಲೆಗೆ ತೆಂಗಿನ ಮಡಲು, ಕೊತ್ತಳಿಗೆ, ಅಡಿಕೆ ಸಿಪ್ಪೆ. ಸಂಜೆ ಒಟ್ಟಿದ ಬೆಂಕಿಯ ಕೆಂಡ ಬೆಳಗಿನ ವರೆಗೆ ಬೂದಿಯೊಳಗೆ ಜೀವ ಹಿಡಿದು ಹಂಡೆಯನ್ನು ಉಗುರುಬೆಚ್ಚಗೆ ಇಡುತ್ತಿತ್ತು. ಅದರ ಸುಖ ಬಲ್ಲವರೇ ಬಲ್ಲರು. ಆದರೆ ಆಟಿಯ ಮಳೆಯಲ್ಲಿ ಸೌದೆ ಒಣಗಿಸುವ ಕಷ್ಟ, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡ ಅಜ್ಜಿಯ ಕೆಮ್ಮು, ಇವನ್ನೂ ಮರೆಯಬಾರದು. ಈಗ ತೋಟವಿದ್ದ ಮನೆಯಲ್ಲೂ ಮಡಲು ಕಡಿದು ಕೊಡುವವರಿಲ್ಲ. ಪೇಟೆಯ ಬಾಡಿಗೆ ಮನೆಯಲ್ಲಿ ಒಲೆಗೆ ಜಾಗವೇ ಇಲ್ಲ. ಹೀಗಾಗಿ ಗೀಸರು ಬಂತು. ಬಂದುದು ತಪ್ಪಲ್ಲ.

ತಪ್ಪಾದುದು ಬೇರೆ ಕಡೆ. ನಮ್ಮ ಹಿರಿಯರು ಮನೆಗೆ ಕರೆಂಟು ಹಾಕಿಸಿಕೊಂಡುದು ದೀಪಕ್ಕೆ. ನಾಲ್ಕು ಬಲ್ಬು, ಒಂದು ಫ್ಯಾನು, ಮೂಲೆಯಲ್ಲೊಂದು ರೇಡಿಯೋ. ಅದಕ್ಕೆ ತಕ್ಕಷ್ಟು ಸಣ್ಣ ತಂತಿಯನ್ನು ಮರದ ಪಟ್ಟಿಯ ಮೇಲೆ ಓಡಿಸಿದ್ದರು. ಆ ಮೇಲೆ ಟಿ.ವಿ. ಬಂತು, ಫ್ರಿಜ್ಜು ಬಂತು, ಮಿಕ್ಸಿ ಬಂತು. ಒಂದೊಂದು ಬಂದಾಗಲೂ ಗೋಡೆಯಲ್ಲಿ ಒಂದು ಪಾಯಿಂಟು ಹೆಚ್ಚಿತು, ಹಿಂದಿನ ತಂತಿ ಮಾತ್ರ ಅದೇ ಉಳಿಯಿತು. ಕೊನೆಗೆ ಬಂದುದು ಗೀಸರು. ಮನೆಯ ಉಳಿದೆಲ್ಲ ದೀಪ, ಫ್ಯಾನುಗಳನ್ನು ಒಟ್ಟು ಸೇರಿಸಿದರೂ ಅದೊಂದರ ಹಸಿವಿಗೆ ಸಮವಾಗುವುದಿಲ್ಲ.

ಲೆಕ್ಕ ನೋಡೋಣ. ಹತ್ತು ವಾಟಿನ ಎಲ್.ಇ.ಡಿ. ದೀಪ ಎಲ್ಲಿ, ಎರಡು ಸಾವಿರ ವಾಟಿನ ಗೀಸರು ಎಲ್ಲಿ! ಒಂದು ಗೀಸರು ಇನ್ನೂರು ದೀಪಗಳಿಗೆ ಸಮ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆಂದು ಪ್ರೌಢಶಾಲೆಯ ಮಕ್ಕಳಿಗೆ ಗೊತ್ತು. 2000ವನ್ನು 230ರಿಂದ ಭಾಗಿಸಿ. ಸುಮಾರು 8.7 ಆಂಪಿಯರ್. ದೀಪ, ಟಿ.ವಿ.ಗಳಿಗೆ ಹಾಕುವ ಸಣ್ಣ ಸಾಕೆಟ್ಟು 6 ಆಂಪಿಯರಿನದು. ದಪ್ಪ ಕಡ್ಡಿಗಳ ದೊಡ್ಡ ಪ್ಲಗ್ಗು ಹಿಡಿಯುವ ಸಾಕೆಟ್ಟು 16 ಆಂಪಿಯರಿನದು. ಕಂಪೆನಿಯವರು ಗೀಸರಿಗೆ ದೊಡ್ಡ ಪ್ಲಗ್ಗು ಕೊಡುವುದು ಅಲಂಕಾರಕ್ಕಲ್ಲ, ಸಣ್ಣ ಸಾಕೆಟ್ಟಿಗೆ ಅದು ಹೋಗಬಾರದೆಂದೇ. ನಾವು ಅಂಗಡಿಗೆ ಹೋಗಿ ಒಂದು ಅಡಾಪ್ಟರು ತಂದು ಆ ಕಾವಲನ್ನು ದಾಟಿಬಿಡುತ್ತೇವೆ.

ದಾಟಿದರೆ ಏನಾಗುತ್ತದೆ? ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತವಾಗಿರುತ್ತದೆ ಎಂದು 1841ರಲ್ಲಿಯೇ ಜೇಮ್ಸ್ ಜೂಲ್ ಪ್ರಕಟಿಸಿದ್ದಾನೆ. ಹತ್ತನೇ ತರಗತಿಯವರು ಈ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಅದನ್ನು ಬಚ್ಚಲಿನ ಗೋಡೆಯ ಮೇಲೆ ಓದಿಕೊಳ್ಳಲಿ. ಆರು ಆಂಪಿಯರಿಗೆಂದು ಮಾಡಿದ ಸಾಕೆಟ್ಟಿನಲ್ಲಿ 8.7 ಆಂಪಿಯರ್ ಹರಿದರೆ ಶಾಖ ಒಂದೂವರೆ ಪಾಲಲ್ಲ, ಎರಡು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಪ್ಲಗ್ಗು ಸಡಿಲವಿದ್ದರೆ ಇನ್ನೂ ಹೆಚ್ಚು. ನಮ್ಮ ಸಾಕೆಟ್ಟಿನ ಕಂದು ಗುರುತು ಜೂಲನ ನಿಯಮದ ರುಜುವಾಗಿತ್ತು. ನಾವು ಅದನ್ನು ಕೊಳೆಯೆಂದು ತಿಳಿದೆವು.

ಗೋಡೆಯೊಳಗಿನ ತಂತಿಯದೂ ಇದೇ ಕತೆ. ದೀಪದ ತಂತಿ ಸಾಮಾನ್ಯವಾಗಿ 1 ಅಥವಾ 1.5 ಚದರ ಮಿಲಿಮೀಟರಿನದು. ಗೀಸರಿಗೆ ಕಡಿಮೆಯೆಂದರೆ 2.5, ಹೀಟರು ದೊಡ್ಡದಿದ್ದರೆ ಅಥವಾ ಮೀಟರ್ ಬೋರ್ಡಿನಿಂದ ಬಚ್ಚಲು ದೂರವಿದ್ದರೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ಅದೂ ಬೋರ್ಡಿನಿಂದ ನೇರವಾಗಿ, ನಡುವೆ ಬೇರೆ ಯಾವುದಕ್ಕೂ ಕವಲೊಡೆಯದೆ ಬರಬೇಕು. ಅದಕ್ಕೆ ಬೋರ್ಡಿನಲ್ಲಿ ಅದರದೇ ಎಂ.ಸಿ.ಬಿ. ಇರಬೇಕು. ಇದನ್ನೇ ನಾವು ಸಂಪರ್ಕ ಎನ್ನುವುದು.

ಅರ್ತ್ ಉಂಟಾ?

ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಪ್ಲಗ್ಗು ಚುಚ್ಚುವಾಗ ಮೊದಲು ಕೂಡಿಕೊಳ್ಳುವುದೂ ಕೀಳುವಾಗ ಕೊನೆಗೆ ಬಿಡುವುದೂ ಅದೇ. ಅದು ಅರ್ತಿನ ಕಡ್ಡಿ. ಗೀಸರಿನೊಳಗೆ ನೀರು ಕಾಯಿಸುವ ಸುರುಳಿಯ ಹೊದಿಕೆ ಎಂದಾದರೂ ಬಿರುಕುಬಿಟ್ಟರೆ ಕರೆಂಟು ಅದರ ಲೋಹದ ಮೈಗೂ ನೀರಿಗೂ ಇಳಿಯುತ್ತದೆ. ಅರ್ತ್ ಇದ್ದರೆ ಅದು ಹಸಿರು ತಂತಿಯ ದಾರಿ ಹಿಡಿದು ನೆಲ ಸೇರುತ್ತದೆ. ಇಲ್ಲದಿದ್ದರೆ ನಳ್ಳಿ ಮುಟ್ಟಿದವರ ಕೈಯಿಂದ ಹೊಕ್ಕು, ಒದ್ದೆ ಕಾಲಿನಿಂದ ನೆಲ ಸೇರುತ್ತದೆ. ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವುದು ಇದಕ್ಕೆ ಪರಿಹಾರವಲ್ಲ.

ಭಾಷೆ ಕಲಿಸುವವರಾದ ನಮಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಅರ್ಥವಿಲ್ಲದ ಮಾತು ಬಾಯಿಗೆ ಹೇಗೋ ಅರ್ತ್ ಇಲ್ಲದ ತಂತಿ ಮನೆಗೆ ಹಾಗೆ. ಹೊರಗಿನಿಂದ ಎಲ್ಲವೂ ನಡೆಯುತ್ತಿರುವಂತೆ ಕಾಣುತ್ತದೆ. ನೀರು ಕಾಯುತ್ತದೆ, ಕೆಂಪು ದೀಪ ಉರಿಯುತ್ತದೆ. ಅರ್ತ್ ಇಲ್ಲವೆಂದು ಗೀಸರು ನಿಲ್ಲುವುದಿಲ್ಲ, ದೂರುವುದೂ ಇಲ್ಲ. ಆದುದರಿಂದಲೇ ಅದು ಇದೆಯೇ ಇಲ್ಲವೇ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಊರಿನ ನೆಲಕ್ಕೆ ಇನ್ನೊಂದು ತೊಡಕು ಉಂಟು. ನಮ್ಮದು ಮುರಕಲ್ಲಿನ ಗುಡ್ಡೆ. ಮಳೆಗಾಲದಲ್ಲಿ ಒಸರುವ ಅದೇ ಕಲ್ಲು ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಸುಲಭವಾಗಿ ಒಳಗೊಳ್ಳುವುದಿಲ್ಲ. ಆಳವಿಲ್ಲದ ಗುಂಡಿಯಲ್ಲಿ ಒಂದು ಸರಳು ಊರಿ ಅರ್ತ್ ಆಯಿತೆಂದರೆ ಆಗಲಿಲ್ಲ. ಉದಾಹರಣೆಗೆ ಆ ಅರ್ತಿನ ರೋಧ 20 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ಗೀಸರಿನ ಎಂ.ಸಿ.ಬಿ. 16 ಆಂಪಿಯರಿನದಾದರೆ ಅದು ಬೀಳುವುದೇ ಇಲ್ಲ! ಕರೆಂಟು ನೆಲಕ್ಕೆ ಹರಿಯುತ್ತಲೇ ಇರುತ್ತದೆ, ಗೀಸರಿನ ಮೈಯಲ್ಲಿ ಅಪಾಯ ನಿಂತೇ ಇರುತ್ತದೆ.

ಎಂ.ಸಿ.ಬಿ. ಇದ್ದರೆ ಸಾಕೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ನಾವೂ ಹಾಗೆಯೇ ತಿಳಿದಿದ್ದೆವು. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಉಪಕರಣ ಬೇಕು. ನಮ್ಮ ಕಡೆಯವರು ಹಳೆಯ ರೂಢಿಯಂತೆ ಅದನ್ನು ಇ.ಎಲ್.ಸಿ.ಬಿ. ಎನ್ನುವುದೂ ಉಂಟು. ಫೇಸ್ ತಂತಿಯಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟಕ್ಕಷ್ಟೇ ಮರಳಿ ಬಂತೇ ಎಂದು ಅದು ಸದಾ ತೂಗುತ್ತಿರುತ್ತದೆ. ವ್ಯತ್ಯಾಸ ಕಂಡರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಡಿದುಬಿಡುತ್ತದೆ. ಮನೆಗೆ ಹಾಕಬೇಕಾದುದು 30 ಮಿಲಿಆಂಪಿಯರಿನದು. ಹದಿನಾರು ಆಂಪಿಯರ್ ಎಂದರೆ ಅದರ ಐನೂರಕ್ಕೂ ಹೆಚ್ಚು ಪಾಲು. ಈ ಒಂದು ಭಾಗಾಕಾರ ಮಾಡಿದರೆ ಎಂ.ಸಿ.ಬಿ. ನಮ್ಮನ್ನು ಏಕೆ ಕಾಯಲಾರದೆಂಬುದು ತಿಳಿದೀತು.

ಆರ್.ಸಿ.ಸಿ.ಬಿ. ಉಂಟು, ಅರ್ತ್ ಬೇಡವೇ ಎಂದರೆ ಬೇಕು. ಅರ್ತ್ ಇದ್ದರೆ ಸೋರಿಕೆ ಆದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ ಏಟು ತಿನ್ನುವ ವರೆಗೆ ಕಾಯುತ್ತದೆ. ಅದರಲ್ಲಿ 'ಟಿ' ಎಂದು ಬರೆದ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಬಿದ್ದರೆ ಸರಿ, ಬೀಳದಿದ್ದರೆ ಬದಲಿಸಬೇಕು. ಮಳೆಗಾಲದಲ್ಲಿ ಇದು ಪದೇ ಪದೇ ಬೀಳುತ್ತದೆಂದು ಬೇಸತ್ತು, ಅದನ್ನು ಬಿಟ್ಟು ನೇರ ಸಂಪರ್ಕ ಕೊಡಿಸಿಕೊಂಡವರನ್ನು ನಾವು ಬಲ್ಲೆವು. ನಾಯಿ ಬೊಗಳುತ್ತದೆಂದು ನಾಯಿಯನ್ನೇ ಹೊಡೆದಟ್ಟಿ ಬಾಗಿಲು ತೆರೆದಿಟ್ಟು ಮಲಗಿದಂತೆ ಇದು. ಅದು ಬೀಳುತ್ತಿದ್ದರೆ ಮನೆಯಲ್ಲಿ ಎಲ್ಲೋ ಸೋರಿಕೆ ಉಂಟೇ ಎಂದು ಹುಡುಕಿಸಬೇಕು.

ಯಾವುದನ್ನು ಆರಿಸುವುದು?

ಈಗ ಆಯ್ಕೆಯ ಮಾತು. ನಮ್ಮ ಮನೆಗಳಿಗೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಬಾಲ್ದಿಗೆ ಇಳಿಸುವ ಹೀಟರ್ ರಾಡು. ಅಗ್ಗ, ಎಲ್ಲಿಗೂ ಒಯ್ಯಬಹುದು. 1000 ವಾಟಿನದು 4.3 ಆಂಪಿಯರ್ ಎಳೆಯುವುದರಿಂದ ಅರ್ತ್ ಇರುವ 6 ಆಂಪಿಯರಿನ ಸಾಕೆಟ್ಟು ಸಾಕು. 1500 ವಾಟಿನದು 6.5 ಆಂಪಿಯರ್ ಎಳೆಯುತ್ತದೆ, ಅದಕ್ಕೆ ದೊಡ್ಡ ಸಾಕೆಟ್ಟೇ ಬೇಕು. ಇಪ್ಪತ್ತು ಲೀಟರಿನ ಒಂದು ಬಾಲ್ದಿ ನೀರನ್ನು 26 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸಾವಿರ ವಾಟಿನ ರಾಡಿಗೆ ಹೆಚ್ಚುಕಡಿಮೆ 22 ನಿಮಿಷ ಬೇಕು. ಸಂಪರ್ಕ ಸುಲಭವೆನ್ನಿಸಿದರೂ ಮನುಷ್ಯನ ಕೈಗೂ ಕರೆಂಟಿಗೂ ಅತಿ ಹತ್ತಿರದ ನಂಟು ಇದರಲ್ಲಿಯೇ. ರಾಡು ನೀರಿಗಿಳಿದ ಮೇಲೆ ಸ್ವಿಚ್ಚು ಹಾಕಬೇಕು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಬೇಕು. ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಎಷ್ಟು ಸಹಜವೋ ಅಷ್ಟೇ ಅಪಾಯ. ಮಕ್ಕಳಿರುವ ಮನೆಗೆ, ಮರೆವಿನ ಅಜ್ಜ ಅಜ್ಜಿಯರಿರುವ ಮನೆಗೆ ಇದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಎರಡನೆಯದು ಸ್ವಿಚ್ಚು ಹಾಕಿದ ಕೂಡಲೇ ಬಿಸಿನೀರು ಕೊಡುವ ಪುಟ್ಟ ಗೀಸರು. ಗಾತ್ರ ಸಣ್ಣದೆಂದು ಹಸಿವೂ ಸಣ್ಣದೆಂದು ತಿಳಿಯಬಾರದು. ಸಾಮಾನ್ಯವಾಗಿ ಇದು 3000 ವಾಟಿನದು, ಎಂದರೆ 13 ಆಂಪಿಯರ್. ಕೆಲವು 4500 ವಾಟಿನವು, ಅವು 20 ಆಂಪಿಯರಿನ ಹತ್ತಿರ ಎಳೆಯುತ್ತವೆ. ಅಂಥವನ್ನು ಯಾವ ಪ್ಲಗ್ಗಿಗೂ ಚುಚ್ಚಬಾರದು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ದೊಡ್ಡ ಡಬಲ್ ಪೋಲ್ ಸ್ವಿಚ್ಚಿನ ಮೂಲಕ ನೇರ ಸಂಪರ್ಕವೇ ಆಗಬೇಕು. ಕೇರಳದಲ್ಲಿ 5 ಕಿಲೋವಾಟಿನ ವರೆಗಿನ ಮನೆಗಳಿಗೆ ಸಿಂಗಲ್ ಫೇಸ್ ಸಂಪರ್ಕ, ಅದಕ್ಕೆ ಮೀರಿದರೆ ತ್ರೀ ಫೇಸ್. ನಾಲ್ಕೂವರೆ ಕಿಲೋವಾಟನ್ನು ಒಂದು ಬಚ್ಚಲಿಗೇ ಕೊಟ್ಟರೆ ಉಳಿದ ಮನೆಗೆ ಏನುಳಿಯಿತು?

ಮೂರನೆಯದು ನೀರು ತುಂಬಿಸಿಕೊಂಡು ಕಾಯಿಸುವ 15 ಅಥವಾ 25 ಲೀಟರಿನ ಗೀಸರು. ಹೆಚ್ಚಾಗಿ 2000 ವಾಟಿನದು. ಹದಿನೈದು ಲೀಟರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಇದಕ್ಕೆ ಸುಮಾರು 18 ನಿಮಿಷ ಸಾಕು, ಖರ್ಚು 0.6 ಯೂನಿಟ್ಟಿನಷ್ಟು. ಕಾದ ಮೇಲೆ ಒಳಗಿನ ಥರ್ಮೋಸ್ಟಾಟು ತಾನೇ ನಿಲ್ಲಿಸುತ್ತದೆ, ಒತ್ತಡ ಹೆಚ್ಚಿದರೆ ಬಿಡುಗಡೆಯ ವಾಲ್ವು ಇದೆ. 16 ಆಂಪಿಯರಿನ ಒಂದು ಪ್ರತ್ಯೇಕ ಸಾಕೆಟ್ಟು, 2.5 ಚದರ ಮಿಲಿಮೀಟರಿನ ತಂತಿ, ಒಳ್ಳೆಯ ಅರ್ತ್, ಆರ್.ಸಿ.ಸಿ.ಬಿ. ಇವಿಷ್ಟಿದ್ದರೆ ಸಾಧಾರಣ ಕುಟುಂಬಕ್ಕೆ ಇದೇ ಒಪ್ಪುವ ದಾರಿ. ಸಾಕೆಟ್ಟು ನೀರು ಎರಚದಷ್ಟು ಎತ್ತರದಲ್ಲಿರಲಿ, ಸ್ವಿಚ್ಚು ಬಚ್ಚಲಿನ ಹೊರಗೆ ಇರಲಿ. ನೀರು ಕಾದ ಮೇಲೆ ಸ್ವಿಚ್ಚು ಆರಿಸಿಯೇ ಸ್ನಾನಕ್ಕಿಳಿಯುವ ಪಾಠ ಮನೆಯವರೆಲ್ಲರಿಗೂ ಇರಲಿ. ಇನ್‌ವರ್ಟರಿಗೆ ಇದನ್ನು ಎಂದೂ ಸೇರಿಸಬಾರದು.

ನಾಲ್ಕನೆಯದು ಸೌರ ಹೀಟರು. ಬಿಸಿಲಿರುವ ತಿಂಗಳುಗಳಲ್ಲಿ ಖರ್ಚಿಲ್ಲದ ಬಿಸಿನೀರು. ಆದರೆ ಬಿಸಿನೀರು ಬೇಕೆನಿಸುವ ಮಳೆಗಾಲದಲ್ಲಿಯೇ ಸೂರ್ಯ ಕಾಣಿಸುವುದಿಲ್ಲ. ಅದಕ್ಕೆಂದು ಟ್ಯಾಂಕಿನೊಳಗೆ ಕರೆಂಟಿನ ಸುರುಳಿ ಇಡುತ್ತಾರೆ. ಇಲ್ಲಿಯೂ ಸಂಪರ್ಕದ ಪ್ರಶ್ನೆ ತಪ್ಪಲಿಲ್ಲ. ಟ್ಯಾಂಕು ತಾರಸಿಯಲ್ಲಿ, ತಂತಿ ಮಳೆಗೂ ತುಲಾ ತಿಂಗಳ ಸಿಡಿಲಿಗೂ ಮೈಯೊಡ್ಡಿ ಹೋಗಬೇಕು. ಆದುದರಿಂದ ಅದಕ್ಕೂ ಬೇರೆ ತಂತಿ, ಬೇರೆ ಎಂ.ಸಿ.ಬಿ., ಗಟ್ಟಿಯಾದ ಪೈಪಿನ ಹೊದಿಕೆ ಬೇಕು. ಗುಡುಗು ಮಿಂಚು ತೊಡಗಿದಾಗ ಅದನ್ನು ಆರಿಸಿಡುವ ಜವಾಬ್ದಾರಿ ಮನೆಯಲ್ಲಿ ಒಬ್ಬರಿಗೆ ಇರಬೇಕು.

ಇನ್ನು ಖರ್ಚು. ಐದು ಮಂದಿಯ ಮನೆಯಲ್ಲಿ ತಲೆಗೊಂದು ಬಾಲ್ದಿಯಂತೆ ದಿನಕ್ಕೆ ಹೆಚ್ಚುಕಡಿಮೆ ಎರಡು ಯೂನಿಟ್, ತಿಂಗಳಿಗೆ 55ರಿಂದ 60 ಯೂನಿಟ್ ನೀರಿಗೇ ಬೇಕು. ರಾಡಾಗಲಿ ಗೀಸರಾಗಲಿ ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಬೇಕಾಗುವ ಕರೆಂಟು ಬಹುಮಟ್ಟಿಗೆ ಒಂದೇ. ಆದುದರಿಂದ ಬಿಲ್ಲಿನ ಆಸೆಗೆ ಬಿದ್ದು ರಾಡು ಆರಿಸುವುದರಲ್ಲಿ ಲಾಭವಿಲ್ಲ. ತಿಂಗಳ ಬಳಕೆ 250 ಯೂನಿಟ್ ದಾಟಿದರೆ ಹಂತ ಹಂತದ ಲೆಕ್ಕ ಹೋಗಿ ಎಲ್ಲ ಯೂನಿಟ್ಟಿಗೂ ಮೇಲಿನ ಒಂದೇ ದರ ಬೀಳುತ್ತದೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಮತ್ತೊಂದು ತಪ್ಪು ತಿಳಿವಳಿಕೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಉರಿಯುವ ಹೊತ್ತಿಗೆ ಗೀಸರು ನಿಧಾನವಾಯಿತೆಂದು ದೊಡ್ಡ ಗೀಸರು ತರುವವರಿದ್ದಾರೆ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ 2000 ವಾಟಿನ ಗೀಸರು ಸುಮಾರು 1225 ವಾಟಿನ ಕೆಲಸವನ್ನಷ್ಟೇ ಮಾಡುತ್ತದೆ. ದೋಷ ಗೀಸರಿನದಲ್ಲ. ದೊಡ್ಡದನ್ನು ತಂದರೆ ಅದೇ ಬಡ ತಂತಿಯ ಮೇಲೆ ಇನ್ನಷ್ಟು ಹೊರೆ. ಹೊತ್ತು ಬದಲಿಸಿ ನೋಡುವುದು ಮೇಲು.

ಕೇಳಿಬರುವ ಮೂರು ಮಾತುಗಳು

ಇದನ್ನೆಲ್ಲ ನಾವು ಕಳೆದ ರಕ್ಷಕ-ಶಿಕ್ಷಕ ಸಭೆಯ ನಂತರ ಕೆಲವು ಹೆತ್ತವರೊಡನೆ ಮಾತಾಡಿದಾಗ ಮೂರು ಬಗೆಯ ಉತ್ತರ ಬಂತು. ಒಬ್ಬರು, 'ಇಷ್ಟು ವರ್ಷ ಹೀಗೆಯೇ ನಡೆದಿದೆ ಮಾಷ್ಟ್ರೇ, ಏನೂ ಆಗಲಿಲ್ಲ' ಎಂದರು. ಏನೂ ಆಗದಿದ್ದುದು ಸಂಪರ್ಕ ಸರಿಯಿದ್ದುದಕ್ಕಲ್ಲ, ಸುರುಳಿ ಇನ್ನೂ ಹಾಳಾಗದಿದ್ದುದಕ್ಕೆ. ನಮ್ಮಲ್ಲಿ ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸುರುಳಿಯ ಮೇಲೆ ಬಿಳಿಯ ಪೊರೆ ಕಟ್ಟಿ ಅದು ಬೇಗ ಕೆಡುತ್ತದೆ. ಅದು ಒಡೆಯುವ ದಿನ ಮೊದಲೇ ತಿಳಿಸಿ ಒಡೆಯುವುದಿಲ್ಲ.

ಇನ್ನೊಬ್ಬರು ಹಣದ ಮಾತೆತ್ತಿದರು. ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು. ಬೀಡಿ ಕಟ್ಟಿ, ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಂದಿರು ನಮ್ಮ ಶಾಲೆಯ ರಕ್ಷಕರಲ್ಲಿದ್ದಾರೆ. ಅವರಿಗೆ ನಾವು ಹೇಳುವುದು ಒಂದೇ: ಸಂಪರ್ಕಕ್ಕೆ ಹಣ ಒದಗುವ ವರೆಗೆ ಗೀಸರು ಬೇಡ. ಹಂಡೆ ಇರಲಿ. ಹಂಡೆಯ ನೀರು ನಾಚಿಕೆಯ ವಿಷಯವಲ್ಲ. ಹೊಗೆ ಹೊರಗೆ ಹೋಗಲು ದಾರಿ ಇದ್ದರೆ, ಅಂಗಳದಲ್ಲಿ ಬಿದ್ದ ಮಡಲು ಉರಿಸಿ ಕಾಯಿಸಿದ ನೀರು ಅರ್ತ್ ಇಲ್ಲದ ಗೀಸರಿನ ನೀರಿಗಿಂತ ನೂರು ಪಾಲು ಮೇಲು. ಆದರೆ ಬಚ್ಚಲಿಗೆ ಹೊಳೆಯುವ ಟೈಲ್ಸು ಹಾಕಿಸಿ, ಗೃಹಪ್ರವೇಶಕ್ಕೆ ಊರಿಗೇ ಊಟ ಹಾಕಿ, ಕೊನೆಗೆ ಅರ್ತಿನ ಗುಂಡಿಗೆ ಚೌಕಾಸಿ ಮಾಡುವವರ ಮೇಲೆ ನಮಗೆ ಕನಿಕರವಿಲ್ಲ.

ಮೂರನೆಯವರು ಹೇಳಿದ ಮಾತು ನಮ್ಮ ಮನಸ್ಸಿಗೆ ತಾಗಿತು. 'ನಮಗೆ ಏನು ಕೇಳಬೇಕೆಂದೇ ಗೊತ್ತಿಲ್ಲ. ಪೆಟ್ಟಿಗೆಯೊಳಗಿನ ಪುಸ್ತಕ ಇಂಗ್ಲಿಷು, ಹಿಂದಿ. ಕರೆಂಟು ಬಿಲ್ಲು ಮಲಯಾಳ. ವಯರ್‌ಮನ್ ಹೇಳುವುದು ಅರ್ಧ ತಿಳಿಯುತ್ತದೆ, ಅರ್ಧ ಹ್ಞೂಂ ಎನ್ನುತ್ತೇವೆ' ಎಂದರು ಆ ತಾಯಿ. ಗಡಿನಾಡಿನ ನಮ್ಮೆಲ್ಲರ ಪಾಡು ಇದು. ತಿಳಿಯದ ಭಾಷೆಯ ಮುಂದೆ ಹ್ಞೂಂ ಎಂದು ತಲೆದೂಗಿ ಬರುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಕರೆಂಟಿನ ಮುಂದೆ ಹ್ಞೂಂ ಎನ್ನುವುದು ದುಬಾರಿಯಾದೀತು.

ಇಲ್ಲಿಯೇ ನಮ್ಮ ವಿದ್ಯಾರ್ಥಿಗಳ ಪಾಲು ಬರುವುದು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷು ಹಿಂದಿ, ಹೀಗೆ ನಾಲ್ಕೈದು ಭಾಷೆಗಳ ಕಿವಿ ನಿಮಗೆ ಉಂಟು. ಅದನ್ನು ಹೊರೆಯೆಂದು ತಿಳಿಯಬೇಡಿ. ಪೆಟ್ಟಿಗೆಯೊಳಗಿನ ಪುಸ್ತಕವನ್ನು ಬಿಸಾಡಲು ಬಿಡದೆ ಓದಿ, ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಿ. ವಯರ್‌ಮನ್ ಬಂದಾಗ ಜೊತೆಗೆ ನಿಂತು ಕೇಳಿ. ಕನ್ನಡದಲ್ಲಿ 'ಅರ್ತ್ ಉಂಟಾ?' ತುಳುವಿನಲ್ಲಿ 'ಅರ್ತ್ ಉಂಡಾ?' ಮಲಯಾಳದಲ್ಲಿ 'ಎರ್ತ್ ಉಂಡೋ?' ಎಷ್ಟು ಹತ್ತಿರದ ಮಾತುಗಳು ನೋಡಿ! ಒಂದು ಅಕ್ಷರದ ವ್ಯತ್ಯಾಸಕ್ಕೆ ಹೆದರಿ ಸುಮ್ಮನಿರುವುದೇ? ಇದಾದ ಮೇಲೆ ಇನ್ನು ಮೂರು ಪ್ರಶ್ನೆ: ಗೀಸರಿಗೆ ಬೋರ್ಡಿನಿಂದ ಬೇರೆ ತಂತಿ ಬಂದಿದೆಯೇ? ತಂತಿ ಎಷ್ಟು ದಪ್ಪದ್ದು? ಆರ್.ಸಿ.ಸಿ.ಬಿ. ಗುಂಡಿ ಒತ್ತಿದರೆ ಬೀಳುತ್ತದೆಯೇ? ಪರವಾನಗಿ ಇರುವ ಒಳ್ಳೆಯ ಕೆಲಸಗಾರ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ, ಸಂತೋಷದಿಂದಲೇ ತೋರಿಸುತ್ತಾನೆ. ಒಂದು ಎಚ್ಚರಿಕೆ: ಕೇಳಬೇಕು, ನೋಡಬೇಕು, ಆದರೆ ಬೋರ್ಡು ಬಿಚ್ಚುವ ಸಾಹಸ ಮಕ್ಕಳು ಮಾಡಬಾರದು. ದೊಡ್ಡವರೂ ಮಾಡಬಾರದು.

ಆ ಪ್ರಬಂಧ ಬರೆದ ವಿದ್ಯಾರ್ಥಿ ಯಾರೆಂದು ಇಲ್ಲಿ ಹೇಳುವುದಿಲ್ಲ. ಆ ಮನೆಯಲ್ಲಿ ಈಗ ಹಸಿರು ತಂತಿ ಸೇರಬೇಕಾದಲ್ಲಿ ಸೇರಿದೆ, ಅಂಗಳದ ಮೂಲೆಯಲ್ಲಿ ಹೊಸ ಅರ್ತಿನ ಗುಂಡಿ ಆಗಿದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವ ಕೆಲಸ ತಂಗಿಯದಂತೆ. ನಳ್ಳಿ ಈಗ ಜುಮ್ಮೆನ್ನುವುದಿಲ್ಲ ಎಂದು ಆಕೆಗೆ ಸ್ವಲ್ಪ ನಿರಾಸೆಯೂ ಆಗಿದೆಯೆಂದು ಕೇಳಿದೆವು. ನಮ್ಮ ಮನೆಯ ಅಡಾಪ್ಟರು ಕಸದ ಬುಟ್ಟಿ ಸೇರಿದೆ, ಬಚ್ಚಲಿಗೆ ಬೇರೆ ತಂತಿ ಬಂದಿದೆ.

ಇಪ್ಪತ್ತು ವರ್ಷಗಳಿಂದ ಮಕ್ಕಳ ಪುಸ್ತಕ ತಿದ್ದುತ್ತಿರುವ ನಮಗೆ ಆ ವಾಕ್ಯ ಒಂದು ಪಾಠ ಕಲಿಸಿತು. ಮಕ್ಕಳು ಬರೆದುದರಲ್ಲಿ ತಪ್ಪು ಹುಡುಕುವ ಮೊದಲು ಅವರು ಏನು ಹೇಳುತ್ತಿದ್ದಾರೆಂದು ಓದಬೇಕು. ಹೆತ್ತವರಲ್ಲಿ ನಮ್ಮ ಬಿನ್ನಹವೂ ಅದೇ. ಮಗು 'ನಳ್ಳಿ ಜುಂ ಅನ್ನುತ್ತದೆ' ಎಂದರೆ ನಗಬೇಡಿ, ಚಪ್ಪಲಿ ಹಾಕಿಕೋ ಎನ್ನಬೇಡಿ. ಮೊದಲು ಮೈನ್ ಸ್ವಿಚ್ಚು ಆರಿಸಿ. ಮತ್ತೆ ಬಾಕಿ ಮಾತು.